ಸತ್ಯಾಂಶ: ಸ್ತನ ಕ್ಯಾನ್ಸರ್‌ನ ರೇಡಿಯೇಷನ್ ಕಂಪ್ಯೂಟರ್ ಒಂದರದ್ದೇ ನಿರ್ಧಾರವೇ?

ಸ್ತನ ಕ್ಯಾನ್ಸರ್‌ಗೆ ಈಗ ಕಂಪ್ಯೂಟರೇ ರೇಡಿಯೇಷನ್ ನಿರ್ಧರಿಸುತ್ತದೆ, ವೈದ್ಯರು ನೋಡುವುದೇ ಇಲ್ಲ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಅದು ತಪ್ಪು. ಓದಿ ಗಾಬರಿಯಾಗುವುದು ಸಹಜವೇ.

ತಂತ್ರಾಂಶ ಸಿದ್ಧಪಡಿಸುವುದು ಚಿಕಿತ್ಸೆಯ ಪ್ಲಾನ್‌ನ ಕರಡು ಮಾತ್ರ: ಸಿಟಿ ಸ್ಕ್ಯಾನ್‌ನಲ್ಲಿ ಹೃದಯ, ಶ್ವಾಸಕೋಶ, ಸ್ತನದ ಗಡಿ ಎಳೆಯುತ್ತದೆ, ಕಿರಣಗಳ ಕೋನ ಸೂಚಿಸುತ್ತದೆ. ಡೋಸ್ ಎಷ್ಟು (ಉದಾಹರಣೆಗೆ, 15 ಸಲಕ್ಕೆ ಹಂಚಿದ 40 ಗ್ರೇ; ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ) ಎಂಬುದು ವೈದ್ಯರ ತೀರ್ಮಾನ. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ದ್ರವ ತುಂಬಿದ್ದರೆ ಅಥವಾ ಇಂಪ್ಲಾಂಟ್ ಇದ್ದರೆ ಗಡಿ ತಪ್ಪುವುದುಂಟು. ಅಂಥ ಸ್ಕ್ಯಾನ್‌ಗಳನ್ನು ತಂತ್ರಾಂಶ ಕಡಿಮೆ ಕಲಿತಿರುತ್ತದೆ. ಅದಕ್ಕೇ ವೈದ್ಯರು ಗಡಿಗಳನ್ನು ನೋಡಿ ತಿದ್ದುತ್ತಾರೆ, ವೈದ್ಯಕೀಯ ಭೌತವಿಜ್ಞಾನಿ ಡೋಸ್ ಲೆಕ್ಕವನ್ನು ಪ್ರತ್ಯೇಕವಾಗಿ ತಾಳೆ ನೋಡುತ್ತಾರೆ.

ಸಂದೇಶದಲ್ಲಿ ದಿನಾಂಕ, ಅಧ್ಯಯನದ ಹೆಸರು ಇದೆಯೇ ಗಮನಿಸಿ. ಚಿಕಿತ್ಸಾ ತಂಡವನ್ನೂ ನೇರವಾಗಿ ಕೇಳಬಹುದು: ನನ್ನ ಪ್ಲಾನ್‌ಗೆ ಒಪ್ಪಿಗೆ ಕೊಟ್ಟವರು ಯಾರು? ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಎಷ್ಟು?