ಗಮನಿಸಲಾಗಿದೆ

ಆಸ್ಟ್ರೇಲಿಯಾದ ಯಾವುದಾದರೂ ಒಂದು ವಿಶ್ವವಿದ್ಯಾಲಯದ ದೊಡ್ಡ ಸಭೆಯನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಈ ನಾಟಕಕ್ಕೆ ರಂಗಮಂದಿರ ಯಾವುದಾದರೂ ಆದೀತು. ಸಭೆ ಶುರುವಾಗುವುದು ಆ ನೆಲದ ಮೂಲನಿವಾಸಿ ಹಿರಿಯರೊಬ್ಬರ 'ವೆಲ್ಕಮ್ ಟು ಕಂಟ್ರಿ'ಯಿಂದ. ನಮ್ಮ ನೆಲಕ್ಕೆ ಸ್ವಾಗತ ಅಂತ ಹೇಳುವ ಶಾಸ್ತ್ರ. ಆ ನೆಲದವರೇ ಹೇಳಬೇಕು. ಅವರು ಸಿಗದ ದಿನ ಯಾರು ಬೇಕಾದರೂ ಎದ್ದು 'ಅಕ್ನಾಲೆಜ್‌ಮೆಂಟ್' ಓದಬಹುದು. ಇದು ಇಂಥವರ ನೆಲ ಅಂತ ಒಪ್ಪಿಕೊಳ್ಳುವ ಮಾತು. ಸಿಡ್ನಿಯಲ್ಲಾದರೆ ಗಡಿಗಲ್ ಜನರ ನೆಲ, ಮೆಲ್ಬರ್ನ್‌ನಲ್ಲಾದರೆ ವುರುಂಜೆರಿಯವರದ್ದು, ಅಡಿಲೇಡ್‌ನಲ್ಲಾದರೆ ಗಾರ್ನಾ ಜನರದ್ದು.

ಹಿರಿಯರು ಮಾತಾಡುತ್ತಾರೆ. ಎಲ್ಲರೂ ತಲೆ ಬಗ್ಗಿಸುತ್ತಾರೆ. ಚಪ್ಪಾಳೆ. ಆಮೇಲೆ ಒಬ್ಬ ಅಧಿಕಾರಿ ತುಂಬಾ ವಿನಯದಿಂದ ಅವರನ್ನು ಬಾಗಿಲವರೆಗೆ ಬಿಟ್ಟು ಬರುತ್ತಾರೆ. ಬಾಗಿಲು ಮುಚ್ಚುತ್ತದೆ. ಈಗ ಎರಡನೇ ವಿಷಯ: ಜಮೀನು ಮತ್ತು ಕಟ್ಟಡ.

ಅಯ್ಯೋ, ಅವರ ಮಾತು ಕೇಳುವುದೇ ಇಲ್ಲವಾ ಅಂದುಕೊಳ್ಳಬೇಡಿ. ಕೇಳುತ್ತಾರೆ. ಅದಕ್ಕೆ ಬೇರೆ ರೂಮಿದೆ. ಅದರ ಹೆಸರು ಮೂಲನಿವಾಸಿ ಸಲಹಾ ಮಂಡಳಿ.

ಈ ಮಂಡಳಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದೇನಲ್ಲ. ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಸರ್ಕಾರ ಕೊಡುವ ಹಣ ಬೇಕಿದ್ದರೆ ಇಂಥದ್ದೊಂದು ವ್ಯವಸ್ಥೆ ಇರಲೇಬೇಕು. ಅದರಲ್ಲಿ ಮೂಲನಿವಾಸಿಗಳೇ ಜಾಸ್ತಿ ಇರಬೇಕು. ಆ ಹಣದ ಬಗ್ಗೆ ಅವರು ಶಿಫಾರಸು ಮಾಡಬಹುದು, ಸಲಹೆ ಕೊಡಬಹುದು, ಅಥವಾ ತೀರ್ಮಾನ ಮಾಡಬಹುದು. ಮೂರು ದಾರಿಯಿದೆ. ಯಾವ ದಾರಿಯಲ್ಲಿ ಹುಲ್ಲು ಬೆಳೆದಿದೆ ಅಂತ ನಾನು ಹೇಳಬೇಕಾ?

ಮಂಡಳಿಯ ಸಲಹೆಗೆ ಉತ್ತರವೂ ಬರುತ್ತದೆ. ನಡಾವಳಿಯಲ್ಲಿ ಒಂದೇ ಪದ: 'ಗಮನಿಸಲಾಗಿದೆ'. ಈ ಕ್ರಿಯಾಪದದ ಚೆಂದ ನೋಡಿ. ಇದಕ್ಕೆ ಕರ್ತೃವೇ ಇಲ್ಲ. ಯಾರು ಗಮನಿಸಿದರು? ಗಮನಿಸಿ ಏನು ಮಾಡಿದರು? ವ್ಯಾಕರಣಕ್ಕೇ ಗೊತ್ತಿಲ್ಲ.

ಇದೆಲ್ಲ ಯೋಜನೆಯಿಲ್ಲದೆ ನಡೆಯುತ್ತಿಲ್ಲ. 2006ರಿಂದ ಅಲ್ಲಿ 'ರೆಕನ್ಸಿಲಿಯೇಷನ್ ಆಕ್ಷನ್ ಪ್ಲಾನ್' ಅಂತ ಒಂದು ಪದ್ಧತಿಯಿದೆ. ಮೂಲನಿವಾಸಿಗಳ ಜೊತೆ ರಾಜಿ-ಸಾಮರಸ್ಯದ ಕ್ರಿಯಾಯೋಜನೆ ಅನ್ನಿ. ಕಂಪನಿ, ಕಚೇರಿ, ವಿಶ್ವವಿದ್ಯಾಲಯ, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅದಕ್ಕೆ ನಾಲ್ಕು ಮೆಟ್ಟಿಲು: ರಿಫ್ಲೆಕ್ಟ್, ಇನ್ನೋವೇಟ್, ಸ್ಟ್ರೆಚ್, ಎಲಿವೇಟ್. ಮೊದಲ ಸಲ ಓದಿದಾಗ ಯೋಗ ಕ್ಲಾಸಿನ ಪಟ್ಟಿ ಅಂದುಕೊಂಡೆ. ಕಣ್ಣು ಮುಚ್ಚಿ ಯೋಚಿಸಿ, ಹೊಸದೇನಾದರೂ ಮಾಡಿ, ಕೈಕಾಲು ಚಾಚಿ, ಈಗ ನಿಧಾನಕ್ಕೆ ಮೇಲೇಳಿ. ಕುರ್ಚಿ ಬಿಟ್ಟುಕೊಡಿ ಅನ್ನುವ ಆಸನ ಮಾತ್ರ ಪಟ್ಟಿಯಲ್ಲಿಲ್ಲ.

ಯೋಚಿಸುವ ಮೆಟ್ಟಿಲಲ್ಲಂತೂ ಯಾರೂ ಆತುರಪಟ್ಟಿಲ್ಲ. ಸಿಡ್ನಿ ವಿಶ್ವವಿದ್ಯಾಲಯ ಶುರುವಾದದ್ದು 1850ರಲ್ಲಿ. ಅಲ್ಲಿಂದ ಪದವಿ ಪಡೆದ ಮೊದಲ ಅಬೊರಿಜಿನಲ್, ಅಂದರೆ ಮೂಲನಿವಾಸಿ, ಗಂಡಸು ಚಾರ್ಲ್ಸ್ ಪರ್ಕಿನ್ಸ್. ವರ್ಷ 1966. ನಡುವೆ 116 ವರ್ಷದ ಧ್ಯಾನ. ಈ ಪರ್ಕಿನ್ಸ್ ಯಾವ ಸಲಹೆಯನ್ನೂ ಬರೆದು ಕಳಿಸಿ ಕಾಯುತ್ತಾ ಕೂರಲಿಲ್ಲ. 1965ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಜೊತೆಯವರನ್ನು ಬಸ್ಸಿಗೆ ಹತ್ತಿಸಿಕೊಂಡು ಮೊರೀ ಎಂಬ ಊರಿಗೆ ಹೋದರು. ಅಲ್ಲಿ ಶಾಲೆಯ ಹೊತ್ತು ಬಿಟ್ಟರೆ ಅಬೊರಿಜಿನಲ್ ಮಕ್ಕಳನ್ನು ಈಜುಕೊಳಕ್ಕೆ ಬಿಡುತ್ತಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಕೊಳದ ಗೇಟಿನಲ್ಲೇ ನಿಂತುಬಿಟ್ಟರು. ದೊಡ್ಡ ಗಲಾಟೆಯಾಯಿತು. ಈಗ ಅದೇ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ. ಗಲಾಟೆ ಮಾಡಿದವರ ಹೆಸರು ಕಟ್ಟಡದ ಮೇಲೆ, ಸಲಹೆ ಕೊಟ್ಟವರ ಹೆಸರು ನಡಾವಳಿಯ ಕೊನೇ ಪುಟದಲ್ಲಿ.

ಇನ್ನು ಒಳಗೆ ಕೆಲಸಕ್ಕೆ ಸೇರಿದವರ ಕಥೆ. ಸಿಬ್ಬಂದಿಯಲ್ಲಿ 3% ಮೂಲನಿವಾಸಿಗಳಿರಬೇಕು ಅನ್ನುವ ಗುರಿಯಿದೆ. ಅಷ್ಟು ಜನ ಸೇರುವವರೆಗೆ ಇರುವವರೇ 3% ಆಗಿ ದುಡಿಯಬೇಕು, ಅಷ್ಟೇ. ಒಬ್ಬ ಮೂಲನಿವಾಸಿ ಲೆಕ್ಚರರ್ ಇದ್ದಾರೆ ಅಂದುಕೊಳ್ಳಿ. ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು, ಅದಿರಲಿ. ನೇಮಕಾತಿ ಸಮಿತಿಗೆ ಒಬ್ಬರು ಬೇಕು, ಇವರನ್ನೇ ಕರೆಯಿರಿ. ಪಠ್ಯ ಸಮಿತಿಗೆ? ಇವರೇ. ಹಿರಿಯರ ಫೋನ್ ನಂಬರ್ ಬೇಕು, ಇವರ ಹತ್ತಿರ ಇರುತ್ತದೆ. ವರದಿಯ ಮುಖಪುಟಕ್ಕೆ ಚಿತ್ರ ಬೇಕು, ಇವರ ಚಿಕ್ಕಮ್ಮ ಯಾರಾದರೂ ಬರೆಯುತ್ತಾರೇನೋ ಕೇಳಿ. ಭಾಷಣದಲ್ಲಿ ಒಂದು ಹೆಸರು ಹೇಗೆ ಉಚ್ಚರಿಸಬೇಕು ಅಂತ ಬೆಳಗ್ಗೆ ಏಳಕ್ಕೇ ಮೆಸೇಜು. ಇದಕ್ಕೆ ಅಲ್ಲಿನವರು 'ಕಲ್ಚರಲ್ ಲೋಡ್' ಅನ್ನುತ್ತಾರೆ. ಲೋಡೇ ಸರಿ, ಲಾರಿ ಒಂದೇ. ವರ್ಷದ ಕೊನೆಗೆ ಬಡ್ತಿಯ ಅರ್ಜಿ ಹಾಕಿದರೆ ಪ್ರಶ್ನೆ ಬರುತ್ತದೆ: ಈ ವರ್ಷ ಪೇಪರು ಯಾಕೆ ಕಮ್ಮಿ?

ಕೊನೆಗೆ ಅವರನ್ನು ಒಂದು ಕಮಿಟಿಗೆ ಹಾಕುತ್ತಾರೆ. ಮೂಲನಿವಾಸಿ ಸಿಬ್ಬಂದಿಯ ಮೇಲಿನ ಹೊರೆ ಇಳಿಸುವುದು ಹೇಗೆ ಅಂತ ಚರ್ಚಿಸುವ ಕಮಿಟಿ.

ವಿಶ್ವವಿದ್ಯಾಲಯಗಳನ್ನೇ ಬೈದು ಏನು ಪ್ರಯೋಜನ? 2023ರ ಅಕ್ಟೋಬರ್ 14ರಂದು ಇಡೀ ದೇಶ ಇದೇ ವಿಷಯಕ್ಕೆ ವೋಟು ಹಾಕಿತು. ಪಾರ್ಲಿಮೆಂಟಿಗೆ ಸಲಹೆ ಕೊಡಲು ಮೂಲನಿವಾಸಿಗಳ 'ವಾಯ್ಸ್' ಒಂದನ್ನು ಸಂವಿಧಾನದಲ್ಲಿ ಸೇರಿಸೋಣವಾ ಅಂತ. ಬರೀ ಸಲಹೆ. ಪಾರ್ಲಿಮೆಂಟು ಕೇಳಲೇಬೇಕು ಅಂತೇನೂ ಇರಲಿಲ್ಲ. ಸುಮಾರು 60% ಜನ ಬೇಡ ಅಂದರು. ಒಂದೇ ಒಂದು ರಾಜ್ಯವೂ ಹೂಂ ಅನ್ನಲಿಲ್ಲ. ಹಲ್ಲಿಲ್ಲದ ಬಾಯಿ, ಅದು ತೆರೆಯುವುದೂ ಬೇಡ ಅಂತ ತೀರ್ಪು. ಬೇಡ ಅಂದವರಲ್ಲಿ ಸೆನೆಟರ್ ಲಿಡಿಯಾ ಥಾರ್ಪ್ ಕೂಡ ಇದ್ದರು. ಅವರು ಸ್ವತಃ ಅಬೊರಿಜಿನಲ್. ಅಧಿಕಾರವಿಲ್ಲದ ಸಲಹಾ ಮಂಡಳಿ ಇನ್ನೊಂದು ನಮಗ್ಯಾಕೆ ಅನ್ನುವುದು ಅವರ ವಾದ. ಅವರಿಗೂ ಒಂದಷ್ಟು ನಡಾವಳಿ ಓದಿ ಅನುಭವ ಆಗಿತ್ತೇನೋ.

ಸರಿ, ನಮ್ಮ ಕಲ್ಪನೆಯ ಸಭೆಗೆ ವಾಪಸ್ ಬರೋಣ. ಸ್ವಾಗತ ಹೇಳಿ ಹೊರಗೆ ಬಂದ ಹಿರಿಯರು ಕಾರಿನ ಹತ್ತಿರ ಹೋಗುತ್ತಾರೆ. ಗಾಜಿನ ಮೇಲೆ ಒಂದು ಚೀಟಿ. ಪರ್ಮಿಟ್ ಇಲ್ಲದೆ ಕ್ಯಾಂಪಸ್ಸಿನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ದಂಡ. ಕೌಂಟರಿನ ಹುಡುಗಿ ಒಳ್ಳೆಯವಳು. ಬೇಜಾರು ಮಾಡಿಕೊಳ್ಳಬೇಡಿ, ಪಾರ್ಕಿಂಗ್ ಸಮಿತಿಗೆ ಒಂದು ಮನವಿ ಬರೆದುಕೊಡಿ ಅನ್ನುತ್ತಾಳೆ.

"ಆ ಸಮಿತಿಯವರು ಸಲಹೆ ಕೊಡ್ತಾರಾ?" ಅಂತ ಹಿರಿಯರು ಕೇಳುತ್ತಾರೆ.

"ಇಲ್ಲ ಇಲ್ಲ," ಅನ್ನುತ್ತಾಳೆ ಹುಡುಗಿ. "ಅವರದ್ದು ತೀರ್ಮಾನ."