ಗಸ್ತಿಗೆ ಹೇಳಿ ಮಾಡಿಸಿದ ಕಾರು

ನಮ್ಮ ಭಾಗದ ಪೊಲೀಸ್ ಗಸ್ತಿಗೆ ಹಳೆಯ ಜೀಪಿನ ಬದಲು ಸೆಡಾನ್, ಅಂದರೆ ಹಿಂದೆ ಸಾಮಾನಿಗೆ ಪ್ರತ್ಯೇಕ ಡಿಕ್ಕಿಯಿರುವ ತಗ್ಗಿನ ಕಾರು, ಬಂದಿದೆ. ಬಿಳಿ ಬಣ್ಣ, ನೆತ್ತಿಯ ಮೇಲೆ ಕೆಂಪು-ನೀಲಿ ದೀಪ, ಮೂತಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಈ ಕಾರು ಹೊಟ್ಟೆ ಉಜ್ಜಿಕೊಳ್ಳದೆ ದಾಟಿದ ಉಬ್ಬು ಆ ನಿಂಬೆಹಣ್ಣೊಂದೇ ಎಂಬುದು ಚಹಾದಂಗಡಿಯ ಒಮ್ಮತದ ತೀರ್ಪು.

ನಾನು ಮಾತ್ರ ಸೆಡಾನಿನ ಪರ ವಕಾಲತ್ತಿಗೆ ನಿಂತೆ. ಅಮೆರಿಕದ ಪೊಲೀಸರು ಫೋರ್ಡ್ ಕಂಪನಿಯ ಕ್ರೌನ್ ವಿಕ್ಟೋರಿಯಾ ಎಂಬ ಸೆಡಾನಿನಲ್ಲಿ ಎಷ್ಟು ವರ್ಷ ಕಳ್ಳರನ್ನು ಅಟ್ಟಾಡಿಸಲಿಲ್ಲ! 2011ರಲ್ಲಿ ಅದರ ತಯಾರಿಕೆ ನಿಂತಾಗ ಎಷ್ಟೋ ಠಾಣೆಗಳು ಮನೆಯ ಎತ್ತು ಮಾರಿದವರಂತೆ ಮಂಕಾದವು. 4.6 ಲೀಟರಿನ ಎಂಟು ಸಿಲಿಂಡರ್ ಎಂಜಿನ್, ಹಿಂದಿನ ಗಾಲಿಗಳಿಗೆ ಶಕ್ತಿ, ಲಾರಿಗಿರುವಂಥ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಗಟ್ಟಿ ಚೌಕಟ್ಟು. ಗುದ್ದಿದರೆ ಬಡಿದು ನೆಟ್ಟಗೆ ಮಾಡಿ ಮತ್ತೆ ರಸ್ತೆಗೆ ಬಿಡಬಹುದು. ಸೆಡಾನಿನ ಭಾರ ನೆಲಕ್ಕೆ ಹತ್ತಿರ; ವೇಗದ ತಿರುವಿನಲ್ಲಿ ಎತ್ತರದ ಗಾಡಿಯಂತೆ ಅದು ವಾಲುವುದಿಲ್ಲ. ಮಿಷಿಗನ್ ರಾಜ್ಯದ ಪೊಲೀಸರು ಪ್ರತಿ ವರ್ಷ ಹೊಸ ಗಸ್ತು ವಾಹನಗಳನ್ನು ಓಡಿಸಿ, ಹೊರಳಿಸಿ, ಬ್ರೇಕ್ ಒತ್ತಿ ಪರೀಕ್ಷಿಸುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ ಒಡೆದು ಪರೀಕ್ಷಿಸುತ್ತಾರೆ. ಕಾಯಿ ಕೊಳೆತಿರದಿದ್ದರೆ ಕಾರು ಪಾಸು.

ನನ್ನ ವಾದವನ್ನೆಲ್ಲ ಕೇಳಿಸಿಕೊಂಡ ನಿವೃತ್ತ ಹವಾಲ್ದಾರ ಕಾಕಾ, ಬಸಿಯಲ್ಲಿದ್ದ ಚಹಾ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಮಾಸ್ತರರೇ, ಇದು ಬೆನ್ನಟ್ಟುವುದು ಯಾರನ್ನು?"

ಪ್ರಶ್ನೆ ನ್ಯಾಯವಾದದ್ದೇ. ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಸ್ವತ್ತು. ಒಂದರ ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಪ್ರತಿಫಲಕವಿಲ್ಲ, ಮುಂದೆ ಎರಡು ಹರದಾರಿ ಕೇಳುವ ಸ್ಪೀಕರಿನ ಹಾಡು. ಇದನ್ನು ಹಿಡಿಯಲು ಎಂಟು ಸಿಲಿಂಡರ್ ಬೇಡ, ಸೈಕಲ್ ಸಾಕು. ಅಸಲಿಗೆ ಹಿಡಿಯುವುದು ಕಷ್ಟವಲ್ಲ, ದಾಟುವುದು ಕಷ್ಟ.

ಹಾಗಾದರೆ ಸೆಡಾನ್ ವ್ಯರ್ಥವೇ? ಅಲ್ಲ. ಗಸ್ತಿನ ಮುಖ್ಯ ಕೆಲಸ ಓಡುವುದಲ್ಲ, ನಿಲ್ಲುವುದು. ಅಮೆರಿಕದಲ್ಲೂ ಪೊಲೀಸ್ ಕಾರು ಎಂಜಿನ್ ಆರಿಸದೆ ಗಂಟೆಗಟ್ಟಲೆ ನಿಂತಿರುತ್ತದೆ. ವೈರ್‌ಲೆಸ್ಸು, ದೀಪ, ಕಂಪ್ಯೂಟರಿಗೆಲ್ಲ ಕರೆಂಟ್ ಬೇಕಲ್ಲ. ಅದಕ್ಕೆಂದೇ ಕರೆಂಟ್ ಹುಟ್ಟಿಸುವ ದೊಡ್ಡ ಆಲ್ಟರ್ನೇಟರ್, ಎಂಜಿನ್ ಕಾಯದಂತೆ ಹೆಚ್ಚಿನ ವ್ಯವಸ್ಥೆ. ನಮ್ಮ ಕಾರಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಊರ ಹೊರಗಿನ ಬೇವಿನ ಮರದ ಕೆಳಗೆ ಬೆಳಿಗ್ಗೆ ಹತ್ತಕ್ಕೆ ನಿಂತರೆ, ನೆರಳು ಸರಿದಂತೆ ಮಾತ್ರ ಸರಿಯುತ್ತದೆ. ಬಾಗಲಕೋಟೆಯ ಬಿಸಿಲಿನಲ್ಲಿ ಎಸಿ ಹಾಕಿಕೊಂಡು, ಸೀಟು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಕಾನೂನು-ಸುವ್ಯವಸ್ಥೆ ಕಾಪಾಡುವ ಸೌಕರ್ಯ ಹಳೆಯ ಜೀಪಿನಲ್ಲಿ ಎಲ್ಲಿತ್ತು?

ಡಿಕ್ಕಿಯ ವಿಷಯಕ್ಕೆ ಬಂದರೆ ಸೆಡಾನಿಗೆ ಎದುರಿಲ್ಲ. ಸಾಮಾನು ಬೇರೆ, ಜನ ಬೇರೆ. ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಹಗ್ಗ, ಹಾರೆ ಯಾವುದೂ ತಲೆಗೆ ಬಂದು ಬಡಿಯುವುದಿಲ್ಲ. ಮೇಲಾಗಿ ಮುಚ್ಚಿದರೆ ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೆಂಟೆಗಳಿಗೆ ಇಷ್ಟು ಗೌರವದ ಪ್ರಯಾಣ ಹಿಂದೆಂದೂ ಸಿಕ್ಕಿರಲಿಲ್ಲ.

ಹಿಂದಿನ ಬಾಗಿಲು ಒಳಗಿನಿಂದ ತೆರೆಯದಂತೆ ಲಾಕ್ ಇದೆ. ಆರೋಪಿ ಹಾರಿಹೋಗಬಾರದಲ್ಲ. ಆದರೆ ಸಾಹೇಬರು ಹಿಂದೆಯೇ ಕೂರಬೇಕು, ಮುಂದೆ ಕುಳಿತರೆ ಡ್ರೈವರ್‌ಗೆ ಸರಿಸಮನಾದಂತೆ. ಹೀಗಾಗಿ ಇಳಿಯುವಾಗಲೆಲ್ಲ ಅವರು ಗಾಜು ತಟ್ಟಿ ಬಿಡುಗಡೆ ಬೇಡುತ್ತಾರೆ.

ಇನ್ನು ಉಬ್ಬುಗಳು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಲೆಕ್ಕದಲ್ಲಿ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಉಬ್ಬೆಂದರೆ ರಸ್ತೆಗೆ ಅಡ್ಡ ಮಲಗಿದ ಎಮ್ಮೆ. ಸಾಮಾನ್ಯ ಸೆಡಾನಿನ ಹೊಟ್ಟೆಗೂ ನೆಲಕ್ಕೂ 16-17 ಸೆಂಟಿಮೀಟರ್ ಅಂತರ. ಅದರಲ್ಲಿ ನಾಲ್ವರು ತುಂಬು ಶರೀರದ ಸಿಬ್ಬಂದಿ ಕುಳಿತ ಮೇಲೆ ಎಷ್ಟು ಉಳಿಯುತ್ತದೆಂಬ ಲೆಕ್ಕ ಎಮ್ಮೆಗೇ ಗೊತ್ತು. ಪ್ರತಿ ಊರಿನಲ್ಲೂ ಮೂವರು ಇಳಿದು ನಡೆದು, ಉಬ್ಬಿನಾಚೆ ಮತ್ತೆ ಹತ್ತುತ್ತಾರೆ. ಕಾಲ್ನಡಿಗೆಯ ಗಸ್ತು ಹೀಗೆ ಮರಳಿ ಜಾರಿಗೆ ಬಂದಿದೆ.

ತಗ್ಗಿದ ಮೈ, ಉದ್ದನೆಯ ದೇಹ, ಬಿಟ್ಟ ಬಾಣದ ವೇಗ, ತಿರುವಿನಲ್ಲಿ ಹಿಡಿತ: ಇವೇ ಲಕ್ಷಣ ಬೇಕಿದ್ದರೆ ಮುಧೋಳದಲ್ಲೇ ನಾಲ್ಕು ಕಾಲಿನದು ಸಿಗುತ್ತಿತ್ತು. ಅಂಚೆ ಇಲಾಖೆ 2005ರಲ್ಲೇ ಮುಧೋಳ ನಾಯಿಯ ಚೀಟಿ ಹೊರಡಿಸಿದೆ, ಸೇನೆಯೂ ಅದನ್ನು ಕರೆದೊಯ್ದಿದೆ. ಆದರೆ ನಾಯಿಗೆ ಡೀಸೆಲ್ ಬಿಲ್ ಬರೆಯಲು ಬರುವುದಿಲ್ಲ.

ಮೊನ್ನೆ ಅಕಾಲದ ಮಳೆಯಾಯಿತು. ಗಾಲಿಗಳು ಹೊತ್ತು ತಂದ ಎರೆಮಣ್ಣು ಡಾಂಬರಿನ ಮೇಲೆ ಬೆಣ್ಣೆಯಾಗಿತ್ತು. ನಮ್ಮ ಸೆಡಾನ್ ಟ್ರ್ಯಾಕ್ಟರನ್ನು ದಾಟಲು ಹೋಗಿ ಹೊಲಕ್ಕಿಳಿದು ಹೂತುಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಸಾಹೇಬರು ಗಾಜು ತಟ್ಟಿದರು. ಕೆಸರು ಒತ್ತಿದ್ದರಿಂದ ಬಾಗಿಲು ಹೊರಗಿನಿಂದಲೂ ತೆರೆಯಲಿಲ್ಲ. ಕೊನೆಗೆ ಆ ಟ್ರ್ಯಾಕ್ಟರಿನವನೇ ಕರುಣೆಯಿಂದ ಹಾಡು ನಿಲ್ಲಿಸಿ, ಹಗ್ಗ ಬಿಗಿದು, ರಸ್ತೆಗೆ ಎಳೆದು, ಮುಂದಿನ ಊರಿನ ಗ್ಯಾರೇಜಿನವರೆಗೂ ಒಯ್ದ. ಚಹಾದಂಗಡಿಯ ಮುಂದೆ ಮೆರವಣಿಗೆ ಹಾದುಹೋದಾಗ ಕತ್ತಲಾಗಿತ್ತು. ಎರಡು ಟ್ರೇಲರುಗಳ ಹಿಂದೆ ಮೂರನೆಯದಾಗಿ ಪೊಲೀಸ್ ಕಾರು. ಕಾಕಾ ಎದ್ದು ನಿಂತು ನೋಡಿ, ಈ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪ ಹಚ್ಚಿಕೊಂಡ ಕಬ್ಬಿನ ಗಾಡಿಯನ್ನು ತಾವು ಕಂಡದ್ದು ಇದೇ ಮೊದಲು ಎಂದರು.