ಬೇಸ್ ನುಡಿಸಿದವರ ಹೆಸರು ಎಲ್ಲಿದೆ?

ನಿನ್ನೆ ರಾತ್ರಿ ಗೆಳೆಯರ ಮನೆಯಲ್ಲಿ ಅಮೆರಿಕದ ಗಾಯಕರ ತಂಡ ಟೆಂಪ್ಟೇಷನ್ಸ್‌ನ ‘ಮೈ ಗರ್ಲ್’ ಹಾಡು ಹಾಕಿದ್ದರು. ಮೊದಲು ತಗ್ಗು ದನಿಯ ಬೇಸ್ ಗಿಟಾರ್ ಎದೆಬಡಿತದಂತೆ ಬರುತ್ತದೆ, ಅದರ ಮೇಲೆ ಗಿಟಾರ್ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಏರುತ್ತದೆ. ಗಾಯಕ ಬಾಯಿ ತೆರೆಯುವ ಮೊದಲೇ ಎಲ್ಲರೂ ಹಾಡನ್ನು ಗುರುತಿಸಿದ್ದರು. ‘ಬೇಸ್ ನುಡಿಸಿದ್ದು ಯಾರು?’ ಎಂದು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಮೊಬೈಲ್ ಪರದೆಯ ಮೇಲೂ ಇಲ್ಲ. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ.

ಅವರು ಜೇಮ್ಸ್ ಜೇಮರ್ಸನ್. ಗಿಟಾರ್ ರಾಬರ್ಟ್ ವೈಟ್ ಅವರದು. ಇಬ್ಬರೂ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಿನ್ನೆಲೆ ವಾದಕರು, ಆ ವಾದಕರ ಬಳಗಕ್ಕೆ ‘ಫಂಕ್ ಬ್ರದರ್ಸ್’ ಎಂದು ಹೆಸರು. ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ತಂತಿ ಮೀಟುತ್ತಿದ್ದರು. ಹರಿಯದ ಹೊರತು ತಂತಿ ಬದಲಿಸುತ್ತಿರಲಿಲ್ಲ. ಆ ಒಂದು ಬೆರಳಿನ ಓಟವನ್ನು ಹಿಡಿಯಲು ನಾನು ವರ್ಷಗಟ್ಟಲೆ ಕೂತಿದ್ದೇನೆ, ಇನ್ನೂ ಸಿಕ್ಕಿಲ್ಲ.

ವರ್ಷಗಳ ಕಾಲ ಮೋಟೌನ್ ರೆಕಾರ್ಡುಗಳ ಮೇಲೆ ಇವರ ಹೆಸರಿರಲಿಲ್ಲ. ಜೇಮರ್ಸನ್ ಹೆಸರು ಅಚ್ಚಾಗಲು 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬರಬೇಕಾಯಿತು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. 1983ರಲ್ಲಿ ಮೋಟೌನ್ ಇಪ್ಪತ್ತೈದನೇ ವರ್ಷದ ಸಂಭ್ರಮ ಆಚರಿಸಿದಾಗ ಜೇಮರ್ಸನ್ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕುಳಿತು ನೋಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. 47 ವರ್ಷ.

‘ದುಡ್ಡು ಕೊಟ್ಟಿದ್ದರಲ್ಲ’ ಎಂದರು ಗೆಳೆಯರೊಬ್ಬರು. ಹಾಡು ಬರೆದವರಿಗೂ ದುಡ್ಡು ಕೊಟ್ಟಿದ್ದರು, ಹೆಸರನ್ನೂ ಹಾಕಿದ್ದರು. ಎಷ್ಟೋ ಸಲ ಜೇಮರ್ಸನ್ ಮುಂದೆ ಇರುತ್ತಿದ್ದದ್ದು ಹಾಡಿನ ಸ್ವರಗುಚ್ಛಗಳನ್ನಷ್ಟೇ (ಕಾರ್ಡ್) ಬರೆದ ಹಾಳೆ. ಉಳಿದದ್ದನ್ನು ಅವರೇ ಕಟ್ಟುತ್ತಿದ್ದರು. ಅದು ರಚನೆಯಲ್ಲವೇ? ಹೆಸರು ಹಾಕಲು ಒಂದು ಸಾಲು ಜಾಗ ಸಾಕಿತ್ತು.

ನಾನೂ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದೆ. ಗಣೇಶೋತ್ಸವದ ಒಂದು ರಾತ್ರಿ ನಿರೂಪಕರು ಗಾಯಕರ ಹೆಸರನ್ನೆಲ್ಲ ಹೇಳಿ, ‘ಮತ್ತು ವಾದ್ಯವೃಂದದವರು’ ಎಂದು ಮುಗಿಸಿದರು. ಮೂರನೇ ಸಾಲಿನಲ್ಲಿದ್ದ ಅಮ್ಮ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ರಾಬರ್ಟ್ ವೈಟ್ ಒಮ್ಮೆ ಹೋಟೆಲಿನಲ್ಲಿ ಕುಳಿತಿದ್ದಾಗ ಇದೇ ‘ಮೈ ಗರ್ಲ್’ ಕೇಳಿಬಂತಂತೆ. ‘ಈ ಗಿಟಾರ್ ನನ್ನದು’ ಎನ್ನಲು ಮಾಣಿಯ ಕಡೆ ತಿರುಗಿದವರು ತಡೆದುಕೊಂಡರು. ಯಾರು ನಂಬುತ್ತಾರೆ? ಹಾಡು ನಡೆಯುತ್ತಲೇ ಇತ್ತು, ಅವರು ಊಟಕ್ಕೆ ಹೇಳಿದರು.